ಪ್ಯಾಸಡೀನಾದ ಕಾರು, ನಮ್ಮೂರಿನ ಟಿ.ಸಿ.: ಇಂಧನ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಇಂಧನ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ಬಯಲುಸೀಮೆಯ ಜಿಲ್ಲಾ ಕೇಂದ್ರವೊಂದರ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ವಿದ್ಯುತ್ ವಿಭಾಗದ ಅಧ್ಯಾಪಕ. ಅಂತಿಮ ವರ್ಷದವರು ಪ್ರಾಜೆಕ್ಟ್ ವಿಷಯ ಆರಿಸಿಕೊಳ್ಳುವ ಹೊತ್ತು ಬಂತೆಂದರೆ, ವಿದ್ಯುತ್ ವಾಹನಗಳ ಚಾರ್ಜಿಂಗ್ ಕುರಿತೇ ಕೆಲಸ ಮಾಡುತ್ತೇವೆನ್ನುವ ಎರಡು ಮೂರು ತಂಡಗಳಾದರೂ ಪ್ರತಿವರ್ಷ ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತವೆ. ಪುಸ್ತಕ, ಪ್ರಯೋಗಾಲಯ, ಸಾಫ್ಟ್‌ವೇರ್ ಎಲ್ಲವನ್ನೂ ಹೇಗೋ ಹೊಂದಿಸಿಕೊಡಬಲ್ಲೆ. ನನ್ನಿಂದ ಕೊಡಲಾಗದ್ದು ನಮ್ಮದೇ ರಾಜ್ಯದ ಅಂಕಿಅಂಶ. ಅದು ತಮ್ಮ ಇಲಾಖೆಯ ಅಧೀನದಲ್ಲಿರುವ ವಿದ್ಯುತ್ ಸರಬರಾಜು ಕಂಪನಿಗಳ ಬಳಿ ಇರುವುದರಿಂದ ತಮಗೇ ಬರೆಯುತ್ತಿದ್ದೇನೆ.

ಈ ಹುಡುಗ ಹುಡುಗಿಯರು ಸದ್ಯ ಏನನ್ನು ಆಧಾರವಾಗಿಟ್ಟುಕೊಂಡು ಸಂಶೋಧನೆ ಮಾಡುತ್ತಿದ್ದಾರೆಂಬುದನ್ನು ತಾವು ತಿಳಿಯಬೇಕು. ವಿತರಣಾ ಜಾಲದ ಮಾದರಿಯಾಗಿ ಅವರು ಬಳಸುವುದು 1989ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಪ್ರಕಟವಾದ, 12.66 ಕಿಲೋವೋಲ್ಟ್‌ನ '33 ಬಸ್' ಎಂಬ ವ್ಯವಸ್ಥೆಯನ್ನು (ಇಲ್ಲಿ ಬಸ್ ಎಂದರೆ ಓಡುವ ಬಸ್ಸಲ್ಲ, ಜಾಲದ ಸಂಧಿಬಿಂದು). ನಮ್ಮ ಊರುಗಳಲ್ಲಿ ಹರಿಯುವುದು 11 ಕಿಲೋವೋಲ್ಟ್‌ನ ಫೀಡರು (ಸಬ್‌ಸ್ಟೇಷನ್ನಿನಿಂದ ಟಿ.ಸಿ.ಗಳಿಗೆ, ಅಂದರೆ ಟ್ರಾನ್ಸ್‌ಫಾರ್ಮರುಗಳಿಗೆ, ವಿದ್ಯುತ್ ತರುವ ಮಾರ್ಗ). ವಾಹನಗಳು ಯಾವಾಗ ಬಂದು ಪ್ಲಗ್ ಹಾಕಿಕೊಳ್ಳುತ್ತವೆ, ಎಷ್ಟು ಯೂನಿಟ್ ಎಳೆಯುತ್ತವೆ ಎಂಬುದಕ್ಕೆ ಅವರು ಮೊರೆಹೋಗುವುದು ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿರುವ ಕ್ಯಾಲ್ಟೆಕ್ ಸಂಸ್ಥೆ 2019ರಲ್ಲಿ ಎಲ್ಲರಿಗೂ ತೆರೆದಿಟ್ಟ ದಾಖಲೆಗಳಿಗೆ. ಆ ಸಂಸ್ಥೆಯ ಔದಾರ್ಯಕ್ಕೆ ನಾವು ಋಣಿಗಳೇ. ಆದರೆ ಅಲ್ಲಿನ ಪ್ರಾಧ್ಯಾಪಕರ ಕಾರು ಬೆಳಿಗ್ಗೆ ಬಂದು ಸಂಜೆಯವರೆಗೆ ಗ್ಯಾರೇಜಿನಲ್ಲಿ ನಿಂತಿರುವ ರೀತಿಯನ್ನು ನೋಡಿ, ಎ.ಪಿ.ಎಂ.ಸಿ. ಯಾರ್ಡಿಗೂ ಬಸ್ ನಿಲ್ದಾಣಕ್ಕೂ ನಡುವೆ ದಿನವಿಡೀ ಓಡಾಡುವ ಆಟೋ ಯಾವಾಗ ಚಾರ್ಜ್ ಆದೀತೆಂದು ಊಹಿಸುವುದು ಎಷ್ಟರಮಟ್ಟಿಗೆ ವಿಜ್ಞಾನ ಎಂದು ವಿದ್ಯಾರ್ಥಿನಿಯೊಬ್ಬಳು ವೈವಾ ಪರೀಕ್ಷೆಯಲ್ಲಿ ಪರೀಕ್ಷಕರನ್ನೇ ಕೇಳಿದಾಗ, ಅವರಿಗೂ ನನಗೂ ಕೊಡಲು ಉತ್ತರವಿರಲಿಲ್ಲ.

ನಮ್ಮ ಸಮಸ್ಯೆ ಇರುವುದು ಟಿ.ಸಿ. ಕಂಬದ ಬುಡದಲ್ಲಿ. ಊರಿನ ಬಡಾವಣೆಯೊಂದಕ್ಕೆ 100 ಕೆ.ವಿ.ಎ. (ಸ್ಥೂಲವಾಗಿ 100 ಕಿಲೋವಾಟ್ ಎನ್ನೋಣ) ಸಾಮರ್ಥ್ಯದ ಒಂದು ಟಿ.ಸಿ. ಇದೆಯೆಂದುಕೊಳ್ಳೋಣ. ಮನೆಯ ಸಾಕೆಟ್ಟಿಗೆ ಹಾಕುವ ಸ್ಕೂಟರ್ ಚಾರ್ಜರ್ ಸುಮಾರು 800 ವಾಟ್ ಎಳೆಯುತ್ತದೆ. ನಲವತ್ತು ಸ್ಕೂಟರುಗಳು ಒಟ್ಟಿಗೆ ಚಾರ್ಜಿಗೆ ನಿಂತರೆ 32 ಕಿಲೋವಾಟ್ ಆಯಿತು, ಅಂದರೆ ಟಿ.ಸಿ.ಯ ಸಾಮರ್ಥ್ಯದಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು. ಹೆದ್ದಾರಿ ಬದಿಯ 60 ಕಿಲೋವಾಟ್‌ನ ವೇಗದ ಚಾರ್ಜರ್ ಆದರೆ ಒಂದೇ ಅರ್ಧಕ್ಕಿಂತ ಹೆಚ್ಚನ್ನು ನುಂಗುತ್ತದೆ. ಆದರೆ ನಲವತ್ತೂ ನಿಜಕ್ಕೂ ಒಟ್ಟಿಗೆ ನಿಲ್ಲುತ್ತವೆಯೇ? ಹತ್ತೇ ನಿಂತರೆ ಇಲಾಖೆ ಚಿಂತಿಸಬೇಕಾಗಿಲ್ಲ. ಮೂವತ್ತೈದು ನಿಂತರೆ ಈಗಿನಿಂದಲೇ ಟಿ.ಸಿ. ಬದಲಿಸುವ ಲೆಕ್ಕ ಹಾಕಬೇಕು. ಯಾವ ಸಮೀಕರಣವೂ ಇದನ್ನು ಹೇಳಲಾರದು, ಅಳೆದ ದಾಖಲೆ ಮಾತ್ರ ಹೇಳಬಲ್ಲದು.

ಇನ್ನೂ ಸೂಕ್ಷ್ಮವಾದ ಸಂಗತಿಯೊಂದಿದೆ. ಟಿ.ಸಿ.ಯೊಳಗಿನ ಸುರುಳಿಗಳಿಗೆ ಸುತ್ತಿರುವ ಕಾಗದದ ನಿರೋಧಕ ಬಿಸಿಗೆ ಮುಪ್ಪಾಗುತ್ತ ಹೋಗುತ್ತದೆ. ಸಾಮಾನ್ಯ ಕಾಗದವಾದರೆ, ಅದಕ್ಕೆಂದು ನಿಗದಿಪಡಿಸಿದ ಉಷ್ಣತೆಯ ಮೇಲೆ ಆರು ಡಿಗ್ರಿ ಏರಿದಂತೆಲ್ಲ ಮುಪ್ಪಿನ ವೇಗ ಇಮ್ಮಡಿಯಾಗುತ್ತದೆಂಬುದು ಇಂಜಿನಿಯರುಗಳು ನಂಬಿ ಬಳಸುವ ನಿಯಮ. ಸಂಜೆಯ ಹೊರೆಯಿಂದ ಬಿಸಿಯಾದ ಟಿ.ಸಿ. ರಾತ್ರಿ ತಣಿಯುವುದರಿಂದಲೇ ಹತ್ತಾರು ವರ್ಷ ಬಾಳುತ್ತದೆ. ವಾಹನಗಳು ರಾತ್ರಿಯಿಡೀ ಚಾರ್ಜ್ ಆಗತೊಡಗಿದರೆ ಆ ತಣಿಯುವ ಬಿಡುವೇ ಅದಕ್ಕೆ ಸಿಗುವುದಿಲ್ಲ. ಹಾಗಾದರೆ ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿನಿಂದ ಹಗಲು ಹೊತ್ತಿನಲ್ಲಿ ಸಿಗುವ ವಿದ್ಯುತ್ತನ್ನು ಹಗಲಲ್ಲೇ ವಾಹನಗಳಿಗೆ ತುಂಬಿಸಲು ಸಾಧ್ಯವೇ, ಅದಕ್ಕೆ ಕಚೇರಿ ಕಾಲೇಜುಗಳ ಪಾರ್ಕಿಂಗ್ ಜಾಗಗಳಲ್ಲಿ ಎಷ್ಟು ಸಾಕೆಟ್ ಬೇಕು, ಹಗಲು ದರ ಎಷ್ಟು ಇಳಿಸಿದರೆ ಆಟೋದವರು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಗಾಡಿ ನಿಲ್ಲಿಸಿಯಾರು ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಏಳುತ್ತವೆ. ಇವು ನಮ್ಮ ನೆಲದ ಪ್ರಶ್ನೆಗಳು, ಪ್ಯಾಸಡೀನಾದಲ್ಲಿ ಇವನ್ನು ಯಾರೂ ಕೇಳುವುದಿಲ್ಲ.

ಗೃಹಜ್ಯೋತಿ ಯೋಜನೆಯನ್ನೇ ನೋಡಿ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಮನೆಯವರು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. 3 ಕಿಲೋವಾಟ್ ಅವರ್ ಬ್ಯಾಟರಿಯ ಸ್ಕೂಟರನ್ನು ತಿಂಗಳಿಗೆ ಹತ್ತು ಬಾರಿ ಪೂರ್ತಿ ಚಾರ್ಜ್ ಮಾಡಿದರೆ, ನಷ್ಟವೂ ಸೇರಿ, ಸುಮಾರು 35 ಯೂನಿಟ್ ಬೇಕು. ಈಗಾಗಲೇ 170ರ ಆಸುಪಾಸಿನಲ್ಲಿರುವ ಕುಟುಂಬ ಇದೊಂದು ಲೆಕ್ಕಕ್ಕೇ ಹೆದರಿ ಪೆಟ್ರೋಲ್ ಗಾಡಿಯಲ್ಲೇ ಉಳಿಯುತ್ತಿರಬಹುದು, ಉಳಿಯದೆಯೂ ಇರಬಹುದು. ಒಂದು ಯೋಜನೆ ಇನ್ನೊಂದರ ಕಾಲಿಗೆ ತೊಡರುತ್ತಿದೆಯೇ ಎಂದು ಸರ್ಕಾರಕ್ಕೂ ತಿಳಿದಿರುವುದು ಒಳ್ಳೆಯದಲ್ಲವೇ? ಹೆಸರು ವಿಳಾಸ ತೆಗೆದ ಬಿಲ್ಲಿಂಗ್ ದಾಖಲೆ ಕೈಗೆ ಸಿಕ್ಕರೆ ನಾಲ್ವರು ವಿದ್ಯಾರ್ಥಿಗಳು ಒಂದು ಸೆಮಿಸ್ಟರಿನಲ್ಲಿ ಇದರ ಮೊದಲ ಉತ್ತರವನ್ನು ತಂದಿಡಬಲ್ಲರು.

ಕೇಳಿದರೆ ಏನಾಗುತ್ತದೆಂಬುದನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಒಂದು ತಂಡ, ಒಂದೇ ಒಂದು ಟಿ.ಸಿ.ಯ ಏಳು ದಿನಗಳ ಲೋಡ್ ವಿವರ ಬೇಕೆಂದು, ಪ್ರಾಂಶುಪಾಲರ ಸಹಿಯಿದ್ದ ಪತ್ರ ಹಿಡಿದು ವಿದ್ಯುತ್ ಕಚೇರಿಯೊಂದಕ್ಕೆ ಹೋಯಿತು. ಶಾಖಾ ಕಚೇರಿಯವರು ಉಪವಿಭಾಗಕ್ಕೆ ಕಳಿಸಿದರು, ಉಪವಿಭಾಗದವರು ವಿಭಾಗಕ್ಕೆ. ಅಲ್ಲಿಂದ ಫೈಲು ಮೇಲಕ್ಕೆ ಹೋಯಿತೆಂದು ತಿಳಿಯಿತು. ಕೆಳಕ್ಕೆ ಇಳಿಯುವಷ್ಟರಲ್ಲಿ ಸೆಮಿಸ್ಟರ್ ಮುಗಿದಿತ್ತು. ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ, ಯಾರೂ ಇಲ್ಲವೆನ್ನಲಿಲ್ಲ. ಕೊಡಬಹುದೆಂದು ಹೇಳುವ ಆದೇಶ ತಮ್ಮ ಬಳಿ ಇಲ್ಲವೆಂಬುದೇ ಪ್ರತಿಯೊಬ್ಬರ ಅಳಲಾಗಿತ್ತು. ಕೊನೆಗೆ ಆ ತಂಡಕ್ಕೆ ನೆರವಾದವರು ಒಬ್ಬ ಲೈನ್‌ಮನ್. ಯಾವ ಬೀದಿಯಲ್ಲಿ ರಾತ್ರಿ ಹತ್ತರ ಮೇಲೆ ಫ್ಯೂಸ್ ಹೋಗುತ್ತದೆ, ಲೈನಿನ ತುದಿಯ ಯಾವ ಮನೆಗಳಲ್ಲಿ ಲೋ ವೋಲ್ಟೇಜ್ ಎಂಬುದನ್ನು ಅವರು ಬೆರಳ ತುದಿಯಲ್ಲಿಟ್ಟುಕೊಂಡಿದ್ದರು. ವಿದ್ಯಾರ್ಥಿಗಳು ನೋಟ್‌ಬುಕ್ ಹಿಡಿದು ಆಟೋ ನಿಲ್ದಾಣಗಳಲ್ಲಿ ನಿಂತು ಚಾಲಕರನ್ನು ಮಾತಾಡಿಸಿದರು. ಹೆಚ್ಚಿನವರು ಮನೆಯ ಗೀಸರ್ ಪ್ಲಗ್ಗಿನಲ್ಲೇ ಚಾರ್ಜ್ ಮಾಡುತ್ತಾರೆಂದೂ, ಬಾಡಿಗೆ ಮನೆಯಲ್ಲಿರುವವರಿಗೆ ಮಾಲೀಕರನ್ನು ಒಪ್ಪಿಸುವುದೇ ದೊಡ್ಡ ಕಷ್ಟವೆಂದೂ ತಿಳಿದುಬಂತು. ಸಂಖ್ಯೆಗಳನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟು ಸಣ್ಣ ಮಾದರಿಯಿಂದ ತೀರ್ಮಾನಕ್ಕೆ ಬರಬಾರದೆಂದು ಅವರಿಗೆ ಪಾಠ ಹೇಳುವವನೇ ನಾನು.

ದಾಖಲೆಗಳೇ ಇಲ್ಲವೆಂದು ಹೇಳುವಂತಿಲ್ಲ. 11 ಕಿಲೋವೋಲ್ಟ್ ಫೀಡರುಗಳ ಲೋಡನ್ನು ಸಬ್‌ಸ್ಟೇಷನ್ನುಗಳಲ್ಲಿ ಗಂಟೆಗೊಮ್ಮೆ ಬರೆದಿಡಲಾಗುತ್ತದೆ. ಮೀಟರ್ ಅಳವಡಿಸಿದ ಟಿ.ಸಿ.ಗಳೂ ಇವೆ. ರಾಜ್ಯದಲ್ಲಿ ಚಾರ್ಜಿಂಗ್ ವ್ಯವಸ್ಥೆಯ ನೋಡಲ್ ಸಂಸ್ಥೆ ಬೆಸ್ಕಾಂ. ಸಾರ್ವಜನಿಕ ಚಾರ್ಜಿಂಗ್ ಕೇಂದ್ರದ ಯಂತ್ರ ಪ್ರತಿ ಬಾರಿಯೂ ಶುರುವಾದ ಹೊತ್ತು, ನಿಂತ ಹೊತ್ತು, ಕೊಟ್ಟ ಯೂನಿಟ್ಟುಗಳನ್ನು ತಾನೇ ದಾಖಲಿಸಿಕೊಳ್ಳುತ್ತದೆ. ಗ್ರಾಹಕರ ಗೋಪ್ಯತೆಯ ಮಾತು ಬರುತ್ತದೆ, ಬರಬೇಕಾದ್ದೇ. ಆದರೆ ನಮಗೆ ಯಾರ ವಾಹನವೆಂಬುದು ಬೇಡ. ಹೆಸರು, ಮೊಬೈಲ್ ಸಂಖ್ಯೆ, ಆರ್.ಆರ್. ನಂಬರು, ವಾಹನ ನೋಂದಣಿ ಸಂಖ್ಯೆ ಎಲ್ಲವನ್ನೂ ಅಳಿಸಿಯೇ ಕೊಡಿ. ಸಾರ್ವಜನಿಕ ಹಣದಲ್ಲಿ ಸಂಗ್ರಹಿಸಿದ, ಗೋಪ್ಯವಲ್ಲದ ದತ್ತಾಂಶವನ್ನು ಹಂಚಿಕೊಳ್ಳಬೇಕೆಂಬ ನೀತಿಯನ್ನು ಕೇಂದ್ರ ಸರ್ಕಾರ 2012ರಲ್ಲೇ ಪ್ರಕಟಿಸಿದೆ.

ವಿದ್ಯಾರ್ಥಿಗಳ ಕೆಲಸದಿಂದ ಏನು ಬಂದೀತೆಂದು ಸಂದೇಹಪಡುವವರು ತಮ್ಮ ಇಲಾಖೆಯಲ್ಲೂ ಇರಬಹುದು. ಬೆಂಗಳೂರಿನಲ್ಲಿ 2001ರಲ್ಲಿ ಮಾರುಕಟ್ಟೆಗೆ ಬಂದ 'ರೇವಾ' ವಿದ್ಯುತ್ ಕಾರಿನ ಹಿಂದಿದ್ದ ಚೇತನ್ ಮೈನಿ ಅವರು, 1990ರಲ್ಲಿ ಅಮೆರಿಕದ ಸೌರ ಕಾರುಗಳ ಸ್ಪರ್ಧೆಯನ್ನು ಗೆದ್ದ ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ತಂಡದಲ್ಲಿದ್ದವರು. ಮದರಾಸಿನ ಐ.ಐ.ಟಿ.ಯಲ್ಲಿ ಓದಿದ ಇಬ್ಬರು ಗೆಳೆಯರು 2013ರಲ್ಲಿ ಕಟ್ಟಿದ, ವಿದ್ಯುತ್ ಸ್ಕೂಟರ್ ತಯಾರಿಸುವ ಏಥರ್ ಇಂದು ಬೆಂಗಳೂರಿನ ಕಂಪನಿ. ಅದು ರೂಪಿಸಿದ ಚಾರ್ಜಿಂಗ್ ಕನೆಕ್ಟರನ್ನು ಆಧರಿಸಿ ಭಾರತೀಯ ಮಾನಕ ಬ್ಯೂರೋ 2023ರಲ್ಲಿ ಲಘು ವಿದ್ಯುತ್ ವಾಹನಗಳಿಗೆ ಒಂದು ರಾಷ್ಟ್ರೀಯ ಮಾನಕವನ್ನೇ ಹೊರತಂದಿತು. ವಿದ್ಯುತ್ ವಾಹನಗಳಿಗೆಂದೇ ನೀತಿಯನ್ನು 2017ರಲ್ಲಿ ದೇಶದಲ್ಲೇ ಮೊದಲು ರೂಪಿಸಿದ ರಾಜ್ಯ ನಮ್ಮದು. ಆ ಹೆಮ್ಮೆಯ ಫಲ ಬೆಂಗಳೂರಿನಾಚೆಗೂ ಸ್ವಲ್ಪ ಹರಿಯಲಿ ಎಂದು ಕೇಳುವುದು ಅತಿಯಾಸೆಯಲ್ಲ. ಇಂದಿಗೂ ರಾಜ್ಯದ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಲ್ಲಿ ಬಹುಪಾಲು ರಾಜಧಾನಿಯಲ್ಲೇ ಇವೆ. ಉಳಿದ ಜಿಲ್ಲೆಗಳಲ್ಲಿ ಎಲ್ಲಿ ಹಾಕಬೇಕೆಂದು ತೀರ್ಮಾನಿಸಲು ಆಯಾ ಜಿಲ್ಲೆಯಲ್ಲೇ ಅಳೆದು ನೋಡುವವರು ಬೇಕು. ಅಂಥವರು ಆಯಾ ಜಿಲ್ಲೆಯ ಕಾಲೇಜುಗಳಲ್ಲಿ ಈಗಾಗಲೇ ಇದ್ದಾರೆ, ಅವರಿಗೆ ಸಂಬಳವನ್ನೂ ಕೊಡಬೇಕಾಗಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹವೆಂದರೆ, ಐದೂ ವಿದ್ಯುತ್ ಸರಬರಾಜು ಕಂಪನಿಗಳು ತಮ್ಮ ವ್ಯಾಪ್ತಿಯ ಚಾರ್ಜಿಂಗ್ ಕೇಂದ್ರಗಳ ದಾಖಲೆಯನ್ನೂ, ಪ್ರತಿ ವಿಭಾಗದಿಂದ ಕೆಲವಾದರೂ ಮೀಟರ್ ಇರುವ ಟಿ.ಸಿ.ಗಳ ಲೋಡ್ ವಿವರವನ್ನೂ, ಗುರುತು ಅಳಿಸಿ, ಮೂರು ತಿಂಗಳಿಗೊಮ್ಮೆ ಸಾರ್ವಜನಿಕವಾಗಿ ಪ್ರಕಟಿಸುವಂತೆ ಒಂದು ಆದೇಶ ಹೊರಡಿಸಬೇಕು. ಅದರಲ್ಲಿ ಸಿಗದ ವಿವರವನ್ನು ಕಾಲೇಜು ಕೇಳಿದರೆ, ಮೂವತ್ತು ದಿನಗಳೊಳಗೆ ಹೌದು ಅಥವಾ ಇಲ್ಲವೆಂದು ಲಿಖಿತವಾಗಿ ತಿಳಿಸುವ ಒಬ್ಬ ಅಧಿಕಾರಿಯನ್ನು ಪ್ರತಿ ಕಂಪನಿಯಲ್ಲೂ ನೇಮಿಸಬೇಕು. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ದಶಕಗಳಿಂದ ಅಲ್ಪಸ್ವಲ್ಪ ಧನಸಹಾಯ ಕೊಡುತ್ತ ಬಂದಿದೆ. ತಮ್ಮ ಇಲಾಖೆ ಅದರೊಡನೆ ಕೈಜೋಡಿಸಿದರೆ ಆ ಕೆಲವು ಸಾವಿರ ರೂಪಾಯಿಗಿಂತ ಬೆಲೆಬಾಳುವ ನೆರವು ಸಿಕ್ಕಂತಾಗುತ್ತದೆ.

ನಮ್ಮಲ್ಲಿ ಹೊಸ ತಂಡಗಳು ಆಗಸ್ಟ್‌ನಲ್ಲಿ ವಿಷಯ ಆರಿಸಿಕೊಳ್ಳುತ್ತವೆ. ಅಷ್ಟರೊಳಗೆ ಪೂರ್ಣ ಆದೇಶ ಸಾಧ್ಯವಾಗದಿದ್ದರೆ, ಯಾವ ಊರಿನದಾದರೂ ಸರಿ, ಒಂದು ಟಿ.ಸಿ.ಯ ಒಂದು ವರ್ಷದ ದಾಖಲೆಯನ್ನು ಕಳಿಸಿಕೊಡಿ. ಕೆಲಸವನ್ನು ಅದರಿಂದಲೇ ಆರಂಭಿಸುತ್ತೇವೆ, ಫಲಿತಾಂಶದ ಮೊದಲ ಪ್ರತಿ ತಮ್ಮ ಕಚೇರಿಗೆ ಬರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ವಿದ್ಯುತ್ ಇಂಜಿನಿಯರಿಂಗ್ ವಿಭಾಗದ ಒಬ್ಬ ಅಧ್ಯಾಪಕ