ಪುಟ್ಟಿಗೆ, ಇ ಮತ್ತು ಝಡ್ ವಿಚಾರವಾಗಿ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ಕಾಗದದಲ್ಲಿ ಬರೆದ ಬೇರೆಲ್ಲ ವಿಷಯ ಇರಲಿ. "ಅಣುವಿನ ಚಿತ್ರ ಇ ಯೋ ಝಡ್ಡೋ ಅಂತ ಎಲ್ಲರಿಗೂ ನೋಡಿದ ತಕ್ಷಣ ಕಾಣುತ್ತೆ ದೊಡ್ಡಪ್ಪ, ನನಗೆ ಮಾತ್ರ ಕಾಣಲ್ಲ, ಕೆಮಿಸ್ಟ್ರಿ ನನ್ನಂಥವಳಿಗಲ್ಲ" ಅಂತ ಬರೆದಿದ್ದೀಯಲ್ಲ, ಅದೊಂದು ಸಾಲು ನನ್ನನ್ನು ಬಿಡುತ್ತಿಲ್ಲ.

ನಿನಗೆ ಸೊನ್ನೆ ಬಂದ ಪ್ರಶ್ನೆಯನ್ನು ನಾನೂ ಬಿಡಿಸಿ ನೋಡಿದೆ. 2-ಬ್ರೋಮೊಬ್ಯೂಟ್-2-ಈನ್. ಎರಡು ಮೀಥೈಲ್ ಗುಂಪುಗಳೂ ಒಂದೇ ಕಡೆ ಇವೆ. ಪಿಯುಸಿಯಲ್ಲಿ ಕಲಿತ ಹಾಗೆ ಅದು ಸಿಸ್. ಸಿಸ್ ಅಂದಮೇಲೆ ಝಡ್ ಅಂತ ನೀನು ಬರೆದುಬಿಟ್ಟೆ. ಅಂದರೆ ನಿನಗೆ ಚೆನ್ನಾಗಿಯೇ ಕಂಡಿತ್ತು, ಪುಟ್ಟಿ! ಕಂಡದ್ದನ್ನು ನಂಬಿದ್ದಕ್ಕೇ ಮಾರ್ಕ್ಸ್ ಹೋಯಿತು.

ದ್ವಿಬಂಧದ ಎರಡೂ ಕಾರ್ಬನ್‌ಗಳಲ್ಲಿ ಒಂದೊಂದು ಹೈಡ್ರೋಜನ್ ಇದ್ದರೆ ಸಿಸ್ (ಒಂದೇ ಕಡೆ), ಟ್ರಾನ್ಸ್ (ಎದುರು ಕಡೆ) ಅಂದರೆ ಸಾಕು. ಮೂರು, ನಾಲ್ಕು ಬೇರೆ ಬೇರೆ ಗುಂಪು ಬಂದಾಗ ಯಾವುದರ ಜೊತೆ ಯಾವುದನ್ನು ನೋಡಬೇಕು ಅನ್ನುವುದೇ ತಕರಾರು. ಅದಕ್ಕೇ ಕಾನ್, ಇಂಗೋಲ್ಡ್, ಪ್ರೆಲಾಗ್ ಅನ್ನುವ ರಸಾಯನ ವಿಜ್ಞಾನಿಗಳು ಮಾಡಿಟ್ಟಿದ್ದ ಆದ್ಯತೆಯ ನಿಯಮವನ್ನು, ಅಂದರೆ ಪರಮಾಣು ಸಂಖ್ಯೆ ದೊಡ್ಡದಿದ್ದದ್ದೇ ಗೆಲ್ಲುತ್ತದೆ ಅನ್ನುವುದನ್ನು, ದ್ವಿಬಂಧ ಇರುವ ಆಲ್ಕೀನ್‌ಗಳಿಗೂ ಹಚ್ಚಿ, 1968ರಲ್ಲಿ ಇ ಮತ್ತು ಝಡ್ ತಂದರು. ಎರಡು ಕಾರ್ಬನ್ನಿನಲ್ಲೂ ಗೆದ್ದ ಗುಂಪುಗಳು ಒಂದೇ ಕಡೆ ಇದ್ದರೆ ಝಡ್, ಎದುರು ಬದುರು ಇದ್ದರೆ ಇ. ಕಣ್ಣಂದಾಜು ಬೇಡ ಅಂತಲೇ ತಂದದ್ದು. ಒಂದು ಕಾರ್ಬನ್ನನ್ನು ಕೈಯಲ್ಲಿ ಮುಚ್ಚಿ ಇನ್ನೊಂದನ್ನು ಮಾತ್ರ ನೋಡು. ನಿನ್ನ ಪ್ರಶ್ನೆಯಲ್ಲಿ ಎರಡನೇ ಕಾರ್ಬನ್‌ಗೆ ಬ್ರೋಮಿನ್ ಇದೆ, ಪರಮಾಣು ಸಂಖ್ಯೆ 35. ಮೀಥೈಲ್‌ನ ಕಾರ್ಬನ್ 6. ಬ್ರೋಮಿನ್ ಗೆದ್ದಿತು. ಮೂರನೇ ಕಾರ್ಬನ್‌ನಲ್ಲಿ ಮೀಥೈಲ್ 6, ಹೈಡ್ರೋಜನ್ 1. ಮೀಥೈಲ್ ಗೆದ್ದಿತು. ಗೆದ್ದವೆರಡೂ ಒಂದು ಆ ಕಡೆ, ಒಂದು ಈ ಕಡೆ ಇವೆ. ಹಾಗಾಗಿ ಇ. ಇದರಲ್ಲಿ ಥಟ್ಟನೆ ಕಾಣಬೇಕಾದ್ದು ಏನಿದೆ ಹೇಳು?

ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಕೆಲಸಕ್ಕಿದ್ದಾಗ ಬೆಳಗ್ಗೆ ಬೆಳಗ್ಗೆ ಗೂಡಿನಿಂದ ರೇಷ್ಮೆ ಚಿಟ್ಟೆ ಬರುವುದನ್ನು ನೋಡುತ್ತಿದ್ದೆ. ಹೆಣ್ಣು ಕೂತಲ್ಲೇ ಕೂತಿರುತ್ತದೆ. ಗಂಡಿಗೆ ಹಾರಲು ಬರುವುದಿಲ್ಲ, ಆದರೂ ರೆಕ್ಕೆ ಪಟಪಟ ಬಡಿಯುತ್ತಾ ಸುತ್ತಿ ಸುತ್ತಿ ಅದರ ಹತ್ತಿರವೇ ಹೋಗುತ್ತದೆ. ಹೆಣ್ಣು ಬಿಡುವ ಆ ವಾಸನೆ ಯಾವುದು ಅಂತ ಜರ್ಮನಿಯ ಬುಟೆನಾಂಟ್ ಸುಮಾರು ಐದು ಲಕ್ಷ ಹೆಣ್ಣು ಚಿಟ್ಟೆಗಳಿಂದ ತೆಗೆದು 1959ರಲ್ಲಿ ಹೇಳಿದ. ಬಾಂಬಿಕಾಲ್. ಪೂರ್ತಿ ಹೆಸರು (10ಇ,12ಝಡ್)-ಹೆಕ್ಸಾಡೆಕಾ-10,12-ಡೈಈನ್-1-ಆಲ್. ಎರಡು ದ್ವಿಬಂಧ ಇರುವುದರಿಂದ ನಾಲ್ಕು ರೂಪ ಸಾಧ್ಯ. ನಾಲ್ಕನ್ನೂ ಮಾಡಿ ಗಂಡು ಚಿಟ್ಟೆಗಳ ಮುಂದೆ ಇಟ್ಟು ನೋಡಿದರು. ಈ ಒಂದಕ್ಕೆ ಇರುವ ಬಲದ ಮುಂದೆ ಉಳಿದ ಮೂರು ಲೆಕ್ಕಕ್ಕೇ ಇಲ್ಲ. ಗಂಡು ಚಿಟ್ಟೆಗೂ ಇ, ಝಡ್ ಕಾಣುವುದಿಲ್ಲ ನೋಡು.

ನನಗೆ ಇದೆಲ್ಲ ಗೊತ್ತಾದದ್ದು ರಿಟೈರ್ ಆದ ಮೇಲೆ. ಬಿ.ಎಸ್ಸಿ.ಯಲ್ಲಿ ಮಲೀಯಿಕ್, ಫ್ಯೂಮಾರಿಕ್ ಆಸಿಡ್ ಬಾಯಿಪಾಠ ಮಾಡಿದ್ದೆ. ಒಂದನ್ನು ಕಾಯಿಸಿದರೆ ನೀರು ಬಿಟ್ಟು ಅನ್‌ಹೈಡ್ರೈಡ್ ಆಗುತ್ತದೆ, ಇನ್ನೊಂದು ಅಷ್ಟು ಸುಲಭಕ್ಕೆ ಆಗುವುದಿಲ್ಲ, ಆಸಿಡ್ ಗುಂಪುಗಳು ಒಂದು ಆ ಕಡೆ ಒಂದು ಈ ಕಡೆ ಇರುವುದರಿಂದ ಅಂತ ಬರೆದು ಪಾಸಾದೆ. ಆಮೇಲೆ ಕೋಠಿಯಲ್ಲಿ ಅದೇ ಸಿಸ್, ಟ್ರಾನ್ಸ್ ನನ್ನ ಮೂಗಿನ ಕೆಳಗೇ ಇತ್ತು, ಅಷ್ಟು ವರ್ಷ. ಹೇಳುವವರು ಒಬ್ಬರೂ ಇರಲಿಲ್ಲ. ಎಂ.ಎಸ್ಸಿ. ಅರ್ಜಿ ತಂದು ಟ್ರಂಕಿನಲ್ಲಿಟ್ಟಿದ್ದೆ, ತುಂಬಲಿಲ್ಲ. ನಿನ್ನ ಸಾಲು ಓದಿ ಯಾಕೆ ಅಷ್ಟು ಸಂಕಟ ಆಯಿತು ಅಂತ ಈಗ ನಿನಗೂ ಗೊತ್ತಾಗಿರಬೇಕು. ನನಗೂ ಆ ಕಾಲದಲ್ಲಿ ಹಾಗೇ ಅನಿಸಿತ್ತು, ಇದೆಲ್ಲ ಕಾಣುವವರಿಗೆ ಅಂತ.

ಸುಮ್ನೆ ಒಂದೆರಡು ಮಾತು, ನಿಮ್ಮ ಲೆಕ್ಚರರ್ ಹೇಳಿರುತ್ತಾರೆ, ಆದರೂ ಹೇಳುತ್ತೇನೆ. ಒಂದೇ ಕಾರ್ಬನ್‌ನಲ್ಲಿ ಎರಡೂ ಗುಂಪು ಒಂದೇ ಆಗಿದ್ದರೆ ಇ, ಝಡ್ ಹುಡುಕುತ್ತಾ ಕೂರಬೇಡ. ಬ್ಯೂಟ್-1-ಈನ್‌ಗೆ ಆ ಪ್ರಶ್ನೆಯೇ ಇಲ್ಲ. ಮೊದಲ ಪರಮಾಣುವಿನಲ್ಲಿ ಸಮಸಮ ಬಂದರೆ ಅದಕ್ಕೆ ಅಂಟಿಕೊಂಡವುಗಳನ್ನು ನೋಡು. ಕಾರ್ಬನ್‌ಗೆ ಆಕ್ಸಿಜನ್ ದ್ವಿಬಂಧದಲ್ಲಿದ್ದರೆ ಎರಡು ಆಕ್ಸಿಜನ್ ಅಂತ ಲೆಕ್ಕ. ಅದಕ್ಕೇ ಸಿಎಚ್‌ಒ ಗುಂಪು ಸಿಎಚ್2ಒಎಚ್‌ಗಿಂತ ಮೇಲೆ. ಚಿತ್ರದ ಪಕ್ಕದಲ್ಲೇ ಪೆನ್ಸಿಲ್‌ನಲ್ಲಿ 35, 6, 1 ಅಂತ ಬರೆದುಕೋ, ನಾಚಿಕೆ ಬೇಡ. ಹಿಟ್ಟಿನ ಉಂಡೆ, ಪೊರಕೆ ಕಡ್ಡಿ ಇಟ್ಟುಕೊಂಡೂ ಮಾಡಬಹುದು, ಹಾಸ್ಟೆಲ್‌ನಲ್ಲಿ ನಗುತ್ತಾರೇನೋ.

ನೋಡಿದ ತಕ್ಷಣ ಹೇಳುತ್ತಾರೆ ಅನ್ನುವ ಆ ಹುಡುಗಿಯರಿಗೆ ಇದೇ 2-ಬ್ರೋಮೊಬ್ಯೂಟ್-2-ಈನ್ ಕೊಟ್ಟು ಕೇಳು, ಎಷ್ಟು ಜನ ಝಡ್ ಅನ್ನುತ್ತಾರೋ ನನಗೆ ತಿಳಿಸು. ಮತ್ತೆ ಟೆಸ್ಟ್ ಪೇಪರ್ ಫೋಟೊ ಕಳಿಸು. ರಾತ್ರಿ ಒಂಬತ್ತೂವರೆ ಮೇಲೆ ಫೋನ್ ಮಾಡು, ಅಷ್ಟೊತ್ತಿಗೆ ನಿಮ್ಮ ದೊಡ್ಡಮ್ಮನ ಸೀರಿಯಲ್ ಮುಗಿದಿರುತ್ತದೆ.

ಇಂತಿ,
ನಿನ್ನ ದೊಡ್ಡಪ್ಪ