ಬದಲಾಗದ ದೇವರನ್ನು ನಂಬಿ ಬೆಳೆಯೋಣ

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ ಕೆಲಸ ಹೋಗುವುದು, ಬಾಡಿಗೆ ಏರುವುದು, ಮನೆ ಖಾಲಿ ಮಾಡುವುದು ಈಗ ಮಾಮೂಲಾಗಿದೆ. ಇಂಥ ಹೊತ್ತಲ್ಲಿ ನಮ್ಮ ಚರ್ಚ್ ಸಭೆಯ ಹುಡುಗರು "ದೇವರೂ ನನ್ನ ಕೈಬಿಟ್ಟನಾ?" ಅಂತ ಕೇಳುತ್ತಾರೆ. ಅವರಿಗಾಗಿ ಈ ಪತ್ರ.

ಬೈಬಲ್‌ನ ಮಲಾಕಿಯ 3:6 ಓದಿ ನೋಡಿ. ನಾನು ಬದಲಾಗುವವನಲ್ಲ, ಅದಕ್ಕೇ ನೀವು ನಾಶವಾಗದೆ ಉಳಿದಿದ್ದೀರಿ ಅಂತ ದೇವರು ಹೇಳಿದ್ದು ದಶಮಾಂಶವನ್ನೂ (ದೇವರಿಗೆ ಕೊಡಬೇಕಾದ ಹತ್ತನೇ ಒಂದು ಪಾಲು) ಸರಿಯಾಗಿ ಕೊಡದೆ ದಾರಿ ತಪ್ಪಿದ್ದ ಜನಕ್ಕೆ. ಎಷ್ಟು ಧೈರ್ಯ ಕೊಡುವ ಮಾತು, ಅಲ್ವಾ! ಯೇಸು ನಿನ್ನೆ, ಇವತ್ತು, ಎಂದೆಂದಿಗೂ ಒಂದೇ ಎನ್ನುವ, ಬೈಬಲ್‌ನ ಇಬ್ರಿಯರಿಗೆ ಪತ್ರದ 13:8 ಕೂಡ ನಂಬಿಕೆಗಾಗಿ ಆಸ್ತಿ ಕಳೆದುಕೊಂಡವರಿಗೆ ಬರೆದದ್ದು. ಅದೇ ಪತ್ರದ 10ನೇ ಅಧ್ಯಾಯದಲ್ಲಿ ಆ ವಿಷಯ ಇದೆ.

ಆತ್ಮಿಕ ಬೆಳವಣಿಗೆ ಭಾನುವಾರದ ಉತ್ಸಾಹದಿಂದಷ್ಟೇ ಬರುವುದಿಲ್ಲ. ಕಾರ್ಪೊರೇಷನ್ ಹತ್ತಿರ, ಹಡ್ಸನ್ ಚರ್ಚ್‌ನ ಕಲ್ಲಿನ ಕಟ್ಟಡದ ಎದುರು ಬಸ್ಸಿಗೆ ಕಾಯುವಾಗಲೂ, ಸಂಬಳದ ಮೆಸೇಜ್ ಬಾರದ ತಿಂಗಳಲ್ಲೂ ಬೈಬಲ್‌ನ ಒಂದು ಕೀರ್ತನೆ ಓದಿ ಮನಸ್ಸಿನಲ್ಲಿರುವುದನ್ನೆಲ್ಲ, ಸಿಟ್ಟನ್ನೂ ಸೇರಿಸಿ, ದೇವರ ಮುಂದೆ ಹೇಳಿಕೊಳ್ಳಬೇಕು. ಉತ್ತರ ತಡವಾಗಬಹುದು. ಆದರೂ ಬಿಡಬಾರದು.

ಸಭೆಯ ಹಿರಿಯರೇ, ಈ ಮಕ್ಕಳಿಗೆ ಸುಮ್ನೆ "ನಂಬಿಕೆ ಇಡಿ" ಅಂದು ಕಳಿಸಬೇಡಿ. ವಾರದ ಮಧ್ಯೆ ಒಂದು ಸಂಜೆ ಜೊತೆಗೆ ಕೂತು ಬೈಬಲ್ ಓದಿ, ಬಾಡಿಗೆಯ ಕಷ್ಟವನ್ನೂ ಕೇಳಿ.

- ಒಬ್ಬ ಓದುಗ, ಬೆಂಗಳೂರು