ಅಳತೆ ದಿನದ ಸೂಚನೆ: ಜಗಳೂರು ಕಡೆಯ ಅಂಗನವಾಡಿ ಟೀಚರ್‌ಗಳಿಗೆ

ಎರಡು ವರ್ಷ ತುಂಬದ ಮಗುವನ್ನು ಮಲಗಿಸಿಯೇ ಅಳೆಯಿರಿ. ನಿಲ್ಲಿಸಿದರೆ ಸುಮಾರು 0.7 ಸೆಂ.ಮೀ. ಕಡಿಮೆ ಬರುತ್ತದೆ, ಆಗ ಎತ್ತರಕ್ಕೆ ತಕ್ಕ ತೂಕ ಇದೆಯೆಂದು ತೋರಿ, ಬಡಕಲು ಮಗುವೇ ಅಪೌಷ್ಟಿಕ ಮಕ್ಕಳ ಪಟ್ಟಿಯಿಂದ ತಪ್ಪಿಹೋಗುತ್ತದೆ. ಹೆಚ್ಚು ಎಡವುವುದು ಇಲ್ಲೇ.

ತಕ್ಕಡಿ ಸೊನ್ನೆಗೆ ತಂದು, ಸ್ವೆಟರ್, ಕಾಲ್ಗಡಗ ತೆಗೆಸಿ ತೂಗಿ.

ತೋಳಿನ ಟೇಪು ಎಡತೋಳಿಗೆ, ಭುಜದ ತುದಿ–ಮೊಣಕೈ ನಡುವೆ ಗುರುತು ಹಾಕಿಯೇ ಸುತ್ತಬೇಕು. ಕಣ್ಣಂದಾಜು ಬೇಡ, ಬಿಗಿಯಲೂಬೇಡಿ. 6ರಿಂದ 59 ತಿಂಗಳ ಮಗುವಿಗೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ.

ಎರಡೂ ಪಾದದ ಮೇಲೆ ಹೆಬ್ಬೆರಳಿಂದ ಮೂರು ಸೆಕೆಂಡ್ ಒತ್ತಿ ನೋಡಿ. ಗುಳಿ ಉಳಿದರೆ ತೂಕ ನಂಬಬೇಡಿ, ಅದು ಬಾವಿನ ನೀರಿನ ತೂಕ. ಅಂಥ ಮಗುವನ್ನು ಅಂದೇ ಆಸ್ಪತ್ರೆಗೆ ಕಳಿಸಿ. ಮೊಟ್ಟೆ, ಹಾಲು ಕೊಟ್ಟು ಮುಂದಿನ ತಿಂಗಳು ನೋಡೋಣ ಅನ್ನುವ ಹಾಗಿಲ್ಲ.